ವಾಗ್ದಾನದ ಕಾರ್ಡು ಬಿಟ್ಟುಬಿಟ್ಟ ಎಪ್ಪತ್ತು ವರ್ಷ

ಕೋಲಾರ, ಮಾಲೂರು, ಮುಳಬಾಗಿಲು ಕಡೆಯ ಕ್ರೈಸ್ತರ ಮನೆಗೋಡೆಗಳ ಮೇಲೆ ಹೆಚ್ಚಾಗಿ ಕಾಣುವ ಸತ್ಯವೇದದ ಭಾಗ ಯಾವುದು ಎಂದು ಯಾರಾದರೂ ಕೇಳಿದರೆ ನಾನು ಎರಡನ್ನು ಹೇಳುತ್ತೇನೆ. ಒಂದು, ಕರ್ತನನ್ನು ಕುರುಬನೆಂದು ಕರೆಯುವ 23ನೆಯ ಕೀರ್ತನೆ. ಇನ್ನೊಂದು, ಯೆರೆಮೀಯನ ಗ್ರಂಥದ 29ನೆಯ ಅಧ್ಯಾಯದ 11ನೆಯ ವಚನ. ದೇವರು ತನ್ನ ಜನರ ಬಗ್ಗೆ ಕೇಡಿನ ಆಲೋಚನೆಯನ್ನಲ್ಲ, ಹಿತದ ಆಲೋಚನೆಯನ್ನೇ ಇಟ್ಟುಕೊಂಡಿದ್ದಾನೆ, ಅವರಿಗೆ ಮುಂದೆ ಒಳ್ಳೆಯ ಗತಿಯುಂಟು ಎಂಬುದು ಅದರ ತಾತ್ಪರ್ಯ. ಡಿಸೆಂಬರ್ 31ರ ರಾತ್ರಿಯ ಆರಾಧನೆಯಲ್ಲಿ ಹಂಚುವ ವಾಗ್ದಾನದ ಕಾರ್ಡು, ಕ್ಯಾಲೆಂಡರು, ಆಟೋದ ಹಿಂಬದಿ, ಹೊಸ ಅಂಗಡಿಯ ಪ್ರಾರ್ಥನೆ, ಎಸ್‌ಎಸ್‌ಎಲ್‌ಸಿ ಮಕ್ಕಳಿಗೆ ಹಾರೈಕೆ, ಎಲ್ಲಕ್ಕೂ ಅದು ಹೊಂದಿಕೊಳ್ಳುತ್ತದೆ. ಕನ್ನಡದಲ್ಲಿ ಓದಿ, ಮನೆಯಲ್ಲಿ ತೆಲುಗು ಆಡಿ, ಆರಾಧನೆಯಲ್ಲಿ ತಮಿಳು ಹಾಡನ್ನೂ ಹಾಡಬಲ್ಲ ನಮ್ಮ ಸೀಮೆಯ ವಿಶ್ವಾಸಿಗಳಿಗೆ ಮೂರು ಭಾಷೆಯಲ್ಲೂ ಬಾಯಿಪಾಠವಾಗಿರುವ ವಚನವದು.

ನನ್ನ ಜಗಳ ಆ ವಚನದ ಮೇಲಲ್ಲ, ಅದನ್ನು ನಾವು ಓದುವ ಬಗೆಯ ಮೇಲೆ. ಆತ್ಮಿಕ ಗೊಂದಲದ ಕಾಲದಲ್ಲಿ ದೇವರ ನಡೆಸುವಿಕೆಯನ್ನು ನಂಬುವುದು ಹೇಗೆ ಎಂಬ ಪ್ರಶ್ನೆಗೆ ನಮ್ಮ ಸಭೆಗಳು ಒಂದು ಸಿದ್ಧ ಉತ್ತರವನ್ನು ಕೊಡುತ್ತಾ ಬಂದಿವೆ. ಸಂದೇಹ ಬಂತೆ, ಅದು ಶೋಧನೆ. ಉಪವಾಸವಿದ್ದು ಪ್ರಾರ್ಥಿಸು, ವಚನವನ್ನು ಹಿಡಿದುಕೋ, ಒಂದು ಗುರುತು ಸಿಗುತ್ತದೆ, ದಾರಿ ತೆರೆಯುತ್ತದೆ. ತೆರೆದ ಮೇಲೆ ಸಭೆಯ ಮುಂದೆ ನಿಂತು ಸಾಕ್ಷಿ ಹೇಳು. ಈ ಕಥನದ ಚೌಕಟ್ಟು ಎಲ್ಲರಿಗೂ ಪರಿಚಿತ: ಕಷ್ಟ, ಪ್ರಾರ್ಥನೆ, ಉತ್ತರ, ಸ್ತೋತ್ರ. ಇದರಲ್ಲಿ ಸತ್ಯವೇ ಇಲ್ಲವೆನ್ನಲಾರೆ. ಹಾಗೆ ನಡೆಸಲ್ಪಟ್ಟವರ ಮಾತನ್ನು ನಾನು ನಂಬುತ್ತೇನೆ, ದೇವರು ನಡೆಸುತ್ತಾನೆ ಎಂದೂ ನಂಬುತ್ತೇನೆ. ಆದರೆ ಈ ಚೌಕಟ್ಟು ಸತ್ಯವೇದದ ಅರ್ಧವನ್ನು ಮುಚ್ಚಿಹಾಕಿದೆ, ನಮ್ಮದೇ ನೆಲದ ಸಭಾಚರಿತ್ರೆಯನ್ನು ಮಂಕಾಗಿಸಿದೆ. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ಉತ್ತರ ಸಿಗದವರನ್ನು ಸಭೆಯ ಹಿಂದಿನ ಬೆಂಚಿಗೆ ತಳ್ಳಿದೆ.

ಮೊದಲು ಯೆರೆಮೀಯನನ್ನೇ ತೆಗೆದುಕೊಳ್ಳೋಣ. 29ನೆಯ ಅಧ್ಯಾಯ ಒಂದು ಪತ್ರ. ನೆಬೂಕದ್ನೆಚ್ಚರನು ಯೆರೂಸಲೇಮಿನಿಂದ ಬಾಬೆಲಿಗೆ ಸೆರೆಯೊಯ್ದ ಜನರಿಗೆ ಪ್ರವಾದಿ ಬರೆದದ್ದು. ಅದರ ಹಿಂದಿನ ಅಧ್ಯಾಯದಲ್ಲಿ ಹನನ್ಯ ಎಂಬ ಇನ್ನೊಬ್ಬ ಪ್ರವಾದಿ ಬರುತ್ತಾನೆ. ಎರಡು ವರ್ಷದೊಳಗೆ ಬಾಬೆಲಿನ ನೊಗ ಮುರಿದು ಎಲ್ಲರೂ ಊರಿಗೆ ಮರಳುವರೆಂದು ದೇವಾಲಯದಲ್ಲಿ, ಯಾಜಕರೂ ಜನರೂ ಕೇಳುವಂತೆ, ದೇವರ ಹೆಸರಿನಲ್ಲೇ ಸಾರುತ್ತಾನೆ. ಜನ ಕೇಳಬಯಸಿದ ಮಾತೂ ಅದೇ. ಆ ಮಾತು ಸುಳ್ಳೆಂದು ಯೆರೆಮೀಯ ಅವನ ಮುಖಕ್ಕೇ ಹೇಳಿದ. ಅದೇ ವರ್ಷದ ಏಳನೆಯ ತಿಂಗಳಲ್ಲಿ ಹನನ್ಯ ಸತ್ತ. ಆಮೇಲೆ ಬರುವುದು ಈ ಪತ್ರ. ಅದರಲ್ಲಿ ಯೆರೆಮೀಯ ಹೇಳುವುದು: ಅಲ್ಲೇ ಮನೆ ಕಟ್ಟಿಕೊಳ್ಳಿ, ತೋಟ ಹಾಕಿ, ಮಕ್ಕಳಿಗೆ ಮದುವೆ ಮಾಡಿ, ನಿಮ್ಮನ್ನು ಸೆರೆಯೊಯ್ದ ಪಟ್ಟಣದ ಕ್ಷೇಮಕ್ಕಾಗಿಯೇ ಪ್ರಾರ್ಥಿಸಿ, ಬೇಗ ಮರಳುತ್ತೀರೆಂದು ಕನಸು ಹೇಳುವವರಿಗೆ ಕಿವಿಗೊಡಬೇಡಿ. 10ನೆಯ ವಚನದಲ್ಲಿ ಅವಧಿಯೂ ಇದೆ, ಎಪ್ಪತ್ತು ವರ್ಷ. ಅದಾದ ಮೇಲೆಯೇ 11ನೆಯ ವಚನ.

ಅಂದರೆ ಆ ಪತ್ರ ಕೇಳಿಸಿಕೊಂಡ ವಯಸ್ಕರಲ್ಲಿ ಹೆಚ್ಚಿನವರು ವಾಗ್ದಾನ ನೆರವೇರುವುದನ್ನು ನೋಡದೆಯೇ ಬಾಬೆಲಿನ ಮಣ್ಣಿಗೆ ಸೇರಬೇಕಿತ್ತು. ಅವರಿಗೆ ಸಿಕ್ಕ ನಡೆಸುವಿಕೆ ಈರುಳ್ಳಿ ನೆಡುವುದು, ಸೊಸೆ ತರುವುದು, ಶತ್ರುವಿನ ಊರಿಗೆ ಒಳಿತು ಬಯಸುವುದು, ಇಷ್ಟೇ. ಈ ವರ್ಷ ನಿನ್ನ ಬಿಡುಗಡೆಯ ವರ್ಷ ಎಂದು 11ನೆಯ ವಚನವನ್ನು ಕಾರ್ಡಿನಲ್ಲಿ ಅಚ್ಚು ಹಾಕಿಸಿ ಕೊಟ್ಟಾಗ ನಾವು ಉಲ್ಲೇಖಿಸುವುದು ಯೆರೆಮೀಯನನ್ನು, ಸಾರುವುದು ಹನನ್ಯನ ಸಂದೇಶವನ್ನು. ಇದು ಕಟುವಾದ ಮಾತೆಂದು ನನಗೆ ಗೊತ್ತು. ಕಾರ್ಡು ಹಂಚುವ ಸಭಾಪಾಲಕರು ಸುಳ್ಳು ಪ್ರವಾದಿಗಳಲ್ಲ, ಪ್ರೀತಿಯಿಂದಲೇ ಹಂಚುತ್ತಾರೆ. ಹನನ್ಯನೂ ಕೆಟ್ಟ ಮನಸ್ಸಿನವನೆಂದು ಗ್ರಂಥ ಹೇಳುವುದಿಲ್ಲ. ದೇವರು ಕಳುಹಿಸದಿದ್ದರೂ ಜನರನ್ನು ಸುಳ್ಳಿನಲ್ಲಿ ಭರವಸವಿಡುವಂತೆ ಮಾಡಿದ ಎಂಬುದೇ ಅವನ ಮೇಲಿನ ಆರೋಪ.

ಈ ವ್ಯತ್ಯಾಸ ಪಂಡಿತರ ಗೋಜಲು ಎನ್ನುವವರು ಕೆಜಿಎಫ್ ಕಡೆ ನೋಡಬೇಕು. 1880ರಲ್ಲಿ ಜಾನ್ ಟೇಲರ್ ಕಂಪನಿ ಶುರು ಮಾಡಿದ ಆಧುನಿಕ ಗಣಿಗಾರಿಕೆ ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದು, 2001ರ ಫೆಬ್ರವರಿ 28ರಂದು ನಿಂತಿತು. ಬಂಗಾರದ ಗಣಿಯ ಸುತ್ತ ತಲೆಮಾರುಗಳಿಂದ ಬದುಕಿದ ಕಾಲೊನಿಗಳಲ್ಲಿ ಕ್ರೈಸ್ತರು ಬಹಳ, ದೇವಾಲಯಗಳೂ ಬಹಳ. ಗಣಿ ಮತ್ತೆ ತೆರೆಯುತ್ತದೆ ಎಂಬ ಮಾತು ಅಂದಿನಿಂದ ಇಂದಿನವರೆಗೆ ಎಷ್ಟೋ ಸಲ ಎದ್ದಿದೆ, ತಣ್ಣಗಾಗಿದೆ. ಈ ಕಾಲದುದ್ದಕ್ಕೂ ಮಾರಿಕುಪ್ಪಂನಿಂದ ಬೆಳಗಿನ ರೈಲು ಹಿಡಿದು ಬೆಂಗಳೂರಿನ ಕೆಲಸಕ್ಕೆ ಹೋಗಿ, ರಾತ್ರಿಯ ರೈಲಿನಲ್ಲಿ ಮರಳುವ ಸಾವಿರಾರು ಜನ ಮಕ್ಕಳನ್ನು ಓದಿಸಿದ್ದಾರೆ, ಮದುವೆ ಮಾಡಿದ್ದಾರೆ, ಹಳೆಯ ಲೈನ್ ಮನೆಗಳ ಚಾವಣಿಗೆ ತಗಡು ಹೊದಿಸಿದ್ದಾರೆ. ಈ ಜನರ ಬದುಕನ್ನು ಸಾಕ್ಷಿಯ ಚೌಕಟ್ಟಿನಲ್ಲಿ ಎಲ್ಲಿಡುವುದು? ಪ್ರಾರ್ಥನೆಗೆ ಉತ್ತರ ಸಿಕ್ಕವರೆಂದೆ, ಸಿಗದವರೆಂದೆ? ವಾಗ್ದಾನದ ಕಾರ್ಡಿನ ಲೆಕ್ಕದಲ್ಲಿ ಅವರು ಇನ್ನೂ ಕಾಯುತ್ತಿರುವವರು. ಯೆರೆಮೀಯನ ಪತ್ರದ ಲೆಕ್ಕದಲ್ಲಿ ಅವರು ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದವರು. ಈ ಎರಡನೆಯ ಓದನ್ನು ಅವರಿಗೆ ಯಾರೂ ಬೋಧಿಸಲಿಲ್ಲವಲ್ಲ ಎಂಬುದೇ ನನ್ನ ಸಂಕಟ.

ಲಕ್ಕೂರು ಹೋಬಳಿಯ ರೈತನಿಗೆ ನಾನು ಹೇಳುತ್ತಿರುವುದು ಬೇರೆ ದಾರಿಯಿಂದಲೂ ಅರ್ಥವಾಗುತ್ತದೆ. ಸಾವಿರ ಅಡಿ ದಾಟಿದರೂ ನೀರು ಖಾತ್ರಿಯಿಲ್ಲದ ಈ ನೆಲದಲ್ಲಿ ಬೋರ್‌ವೆಲ್ ಕೊರೆಸುವ ಮುಂಚೆ ಪಾಯಿಂಟ್ ನೋಡುವವರನ್ನು ಕರೆಸುತ್ತಾರೆ. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲದಲ್ಲಿ ನಡೆಯುತ್ತಾರೆ, ಕಾಯಿ ಎದ್ದು ನಿಂತ ಜಾಗಕ್ಕೆ ಕಲ್ಲು ಇಡುತ್ತಾರೆ. ಸಾಲ ಮಾಡಿದವನಿಗೆ ಆ ಕಲ್ಲು ಕೊಡುವ ಧೈರ್ಯ ದೊಡ್ಡದು. ನಾವು ದೇವರ ನಡೆಸುವಿಕೆಯನ್ನು ಇಂಥ ಪಾಯಿಂಟ್ ಮಾಡಿಕೊಂಡಿದ್ದೇವೆ. ಈ ಸಂಬಂಧವೋ ಆ ಸಂಬಂಧವೋ, ಈ ಕೆಲಸವೋ ಆ ಕೆಲಸವೋ, ದುಬೈಯೋ ಬೆಂಗಳೂರೋ, ಒಂದು ಗುರುತು ತೋರಿಸು ಕರ್ತನೇ ಎನ್ನುತ್ತೇವೆ. ಕಣ್ಣು ಮುಚ್ಚಿ ಸತ್ಯವೇದ ತೆರೆದು ಬೆರಳಿಟ್ಟ ವಚನವನ್ನು ಅಪ್ಪಣೆಯೆಂದು ಓದುವವರಿದ್ದಾರೆ. ವಚನ ಹೊಂದದಿದ್ದರೆ ಇನ್ನೊಮ್ಮೆ ತೆರೆಯುತ್ತಾರೆ.

ಇದಕ್ಕೆ ಆಧಾರವಾಗಿ ಎಲ್ಲರೂ ತರುವುದು ಗಿದ್ಯೋನನನ್ನು. ಕಣದಲ್ಲಿ ಕುರಿಯ ಉಣ್ಣೆ ಹಾಸಿ, ಉಣ್ಣೆ ಮಾತ್ರ ಮಂಜಿನಿಂದ ನೆನೆಯಲಿ, ನೆಲ ಒಣಗಿರಲಿ ಎಂದು ಕೇಳಿದ. ಮರುದಿನ ಅದನ್ನೇ ತಿರುವುಮುರುವಾಗಿ ಕೇಳಿದ. ಪ್ರಸಂಗಪೀಠದಲ್ಲಿ ಇದನ್ನು ನಡೆಸುವಿಕೆ ಕೇಳುವ ಮಾದರಿಯೆಂದು ಬಣ್ಣಿಸುವುದನ್ನು ನಾನು ಬಹಳ ಸಲ ಕೇಳಿದ್ದೇನೆ. ನ್ಯಾಯಸ್ಥಾಪಕರ 6ನೆಯ ಅಧ್ಯಾಯವನ್ನು ಮೊದಲಿನಿಂದ ಓದಿದರೆ ಮಾದರಿ ಕಾಣುವುದಿಲ್ಲ. ಗಿದ್ಯೋನನಿಗೆ ಮಾಡಬೇಕಾದದ್ದು ಆಗಲೇ ಸ್ಪಷ್ಟವಾಗಿ ತಿಳಿದಿತ್ತು. ದೇವರೇ ಹೇಳಿಯಾಗಿತ್ತು, ತನಗೆ ಹೇಳಿಯಾಗಿದೆ ಎಂದು ಅವನು ಪ್ರಾರ್ಥನೆಯಲ್ಲೇ ಒಪ್ಪಿಕೊಳ್ಳುತ್ತಾನೆ. ಅವನಿಗಿದ್ದದ್ದು ಭಯ. ಎರಡನೆಯ ಸಲ ಕೇಳುವಾಗ ಕೋಪಿಸಿಕೊಳ್ಳಬೇಡ ಎಂದು ಬೇಡಿಕೊಳ್ಳುತ್ತಾನೆ, ಅದು ತನ್ನ ಕೋರಿಕೆಯ ಸ್ವರೂಪ ಗೊತ್ತಿದ್ದವನ ಮಾತು. ದೇವರು ಅವನ ಭಯವನ್ನು ಸಹಿಸಿಕೊಂಡ. ಸಹಿಸಿಕೊಂಡದ್ದನ್ನು ನಾವು ವಿಧಿಯಾಗಿ ಮಾಡಿಕೊಂಡೆವು.

ಇದಕ್ಕಿಂತ ಹರಿತವಾದ, ಆದರೆ ಪ್ರಸಂಗಗಳಲ್ಲಿ ಅಪರೂಪವಾದ ಘಟನೆ ಯೆರೆಮೀಯನಲ್ಲೇ ಇದೆ. 42ನೆಯ ಅಧ್ಯಾಯದಲ್ಲಿ, ಬಾಬೆಲಿಗೆ ಸೆರೆಹೋಗದೆ ಅಳಿದುಳಿದ ಜನ ಪ್ರವಾದಿಯ ಹತ್ತಿರ ಬಂದು, ನಾವು ಹೋಗಬೇಕಾದ ದಾರಿಯನ್ನು ದೇವರು ತೋರಿಸಲಿ, ಒಳ್ಳೆಯದಾಗಲಿ ಕೆಟ್ಟದಾಗಲಿ ನಡೆಯುತ್ತೇವೆ ಎಂದು ಆಣೆ ಮಾಡುತ್ತಾರೆ. ಹತ್ತು ದಿನದ ಮೇಲೆ ಉತ್ತರ ಬರುತ್ತದೆ: ಇಲ್ಲೇ ಇರಿ, ಐಗುಪ್ತಕ್ಕೆ ಹೋಗಬೇಡಿ. ಅವರು ಪ್ರವಾದಿಯನ್ನೇ ಸುಳ್ಳುಗಾರನೆಂದು ಬೈದು ಐಗುಪ್ತಕ್ಕೆ ಹೊರಡುತ್ತಾರೆ, ಅವನನ್ನೂ ಎಳೆದುಕೊಂಡು ಹೋಗುತ್ತಾರೆ. ಕೇಳುವ ಮುಂಚೆಯೇ ಅವರ ತೀರ್ಮಾನ ಆಗಿತ್ತು. ಕೌನ್ಸೆಲಿಂಗ್ ಮಾಡುವ ಯಾವ ಸಭಾಪಾಲಕರನ್ನು ಕೇಳಿದರೂ ಈ ಅಧ್ಯಾಯದ ಜನ ತಮ್ಮ ಕೋಣೆಗೆ ಆಗಾಗ ಬರುತ್ತಾರೆಂದು ಒಪ್ಪುತ್ತಾರೆ. ಆದರೂ ಗಿದ್ಯೋನನ ಉಣ್ಣೆಗೆ ಸಿಗುವ ಪ್ರಚಾರ ಇದಕ್ಕಿಲ್ಲ.

ನಮ್ಮ ಚೌಕಟ್ಟು ಮಾಡುವ ಇನ್ನೂ ದೊಡ್ಡ ಅನ್ಯಾಯ ಸಂದೇಹಿಗೆ. ಯೋಬನ ಕಥೆ ಎಲ್ಲರಿಗೂ ಗೊತ್ತು ಎನ್ನುತ್ತೇವೆ. ಗೊತ್ತಿರುವುದು ಮೊದಲ ಎರಡು ಅಧ್ಯಾಯ ಮತ್ತು ಕೊನೆಯ ಒಂದು. ಮಕ್ಕಳನ್ನೂ ಸೊತ್ತನ್ನೂ ಕಳೆದುಕೊಂಡು ದೇವರನ್ನು ಸ್ತುತಿಸಿದ ಯೋಬ ಶವಸಂಸ್ಕಾರದಲ್ಲಿ ಬರುತ್ತಾನೆ, ಎರಡರಷ್ಟು ಮರಳಿ ಪಡೆದ ಯೋಬ ಸ್ತೋತ್ರಕೂಟದಲ್ಲಿ ಬರುತ್ತಾನೆ. ತಾನು ಹುಟ್ಟಿದ ದಿನವನ್ನು ಶಪಿಸುವ, ದೇವರನ್ನು ನ್ಯಾಯಕ್ಕೆ ಕರೆಯುವ ನಡುವಿನ ಯೋಬ ಮಾತ್ರ ಎಲ್ಲಿಯೂ ಕಾಣಿಸುವುದಿಲ್ಲ. ಅವನ ಗೆಳೆಯರು ಏಳು ದಿನ ಮಾತಿಲ್ಲದೆ ಅವನ ಜೊತೆ ನೆಲದ ಮೇಲೆ ಕುಳಿತರು. ಅದು ಒಳ್ಳೆಯ ಪರಿಚರ್ಯೆ. ಬಾಯಿ ತೆರೆದ ಮೇಲೆ ಆಡಿದ್ದೆಲ್ಲ ಶುದ್ಧ ಸಿದ್ಧಾಂತ: ದೇವರು ನ್ಯಾಯವಂತ, ಆದ್ದರಿಂದ ನಿನ್ನಲ್ಲೇನೋ ಅಡಗಿದ ಪಾಪವಿದೆ. ಕೊನೆಗೆ ದೇವರು ಎಲೀಫಜನಿಗೆ ಹೇಳುವುದೇನು? ನನ್ನ ದಾಸನಾದ ಯೋಬ ನನ್ನ ವಿಷಯದಲ್ಲಿ ಸರಿಯಾಗಿ ಮಾತಾಡಿದ ಹಾಗೆ ನೀವು ಆಡಲಿಲ್ಲ ಎಂಬ ಅರ್ಥದ ತೀರ್ಪು. ದೂರಿದವನು ಸರಿ, ಸಮರ್ಥಿಸಿದವರು ತಪ್ಪು. ವಾಸಿಯಾಗದ ರೋಗಿಯ ಹಾಸಿಗೆಯ ಪಕ್ಕದಲ್ಲಿ ನಿಂತು, ಮನೆಯಲ್ಲಿ ಏನೋ ಶಾಪವಿದೆ, ನಂಬಿಕೆ ಸಾಲದು ಎನ್ನುವ ಪ್ರಾರ್ಥನಾವೀರರು ಈ ತೀರ್ಪನ್ನು ಎದೆಯ ಮೇಲೆ ಕೈಯಿಟ್ಟು ಓದಬೇಕು.

ಇಲ್ಲೊಂದು ತಾರತಮ್ಯವೂ ಇದೆ. 1946ರ ಸೆಪ್ಟೆಂಬರ್ 10ರಂದು ಡಾರ್ಜಿಲಿಂಗ್‌ಗೆ ಹೋಗುವ ರೈಲಿನಲ್ಲಿ ಬಡವರ ನಡುವೆ ಹೋಗೆಂಬ ಕರೆ ಕೇಳಿದ ಮದರ್ ತೆರೇಸಾ, ಆಮೇಲಿನ ಸುಮಾರು ಅರ್ಧ ಶತಮಾನ, ಅಲ್ಪ ಕಾಲದ ಬಿಡುವನ್ನು ಬಿಟ್ಟರೆ, ದೇವರ ಸಾನ್ನಿಧ್ಯದ ಅನುಭವವೇ ಇಲ್ಲದೆ ಕಳೆದರೆಂಬುದು 2007ರಲ್ಲಿ ಅವರ ಪತ್ರಗಳು ಪ್ರಕಟವಾದಾಗ ಲೋಕಕ್ಕೆ ತಿಳಿಯಿತು. ನಾಸ್ತಿಕರು ಇದೋ ನಂಬಿಕೆ ಸತ್ತಿತ್ತು ಎಂದರು, ಸಭೆ ಇದನ್ನು ಅನುಭಾವಿಗಳ ಕತ್ತಲ ರಾತ್ರಿ ಎಂದಿತು. ಸಭೆಯ ಓದನ್ನೇ ನಾನು ಒಪ್ಪುತ್ತೇನೆ. ಆದರೆ ಅದೇ ಕತ್ತಲು ಮಾಲೂರಿನ ಹೆಂಚಿನ ಕಾರ್ಖಾನೆಯ ಕೆಲಸಗಾರನಿಗೆ ಬಂದರೆ? ಟೊಮೆಟೊ ರೇಟು ಬಿದ್ದು ಬೆಳೆಯನ್ನು ರಸ್ತೆಬದಿಗೆ ಸುರಿದು ಬಂದ ಅಕ್ಕನಿಗೆ, ಪ್ರಾರ್ಥನೆಗೆ ಕುಳಿತರೆ ಮಾತೇ ಹೊರಡದಿದ್ದರೆ? ಸಂತರಿಗಾದರೆ ಕತ್ತಲ ರಾತ್ರಿ, ನಮ್ಮವರಿಗಾದರೆ ಅವಿಶ್ವಾಸ. ತೆರೇಸಾ ಅವರನ್ನು ಅಪವಾದವೆಂದು ಎತ್ತರದಲ್ಲಿ ಕೂರಿಸಿ, ಅವರ ಅನುಭವ ಸಾಮಾನ್ಯ ವಿಶ್ವಾಸಿಗೆ ಕೊಡಬಹುದಾಗಿದ್ದ ಧೈರ್ಯವನ್ನು ಕಿತ್ತುಕೊಂಡಿದ್ದೇವೆ. ರೈಲಿನಲ್ಲಿ ಕೇಳಿದ ಆ ಸ್ಪಷ್ಟ ಕರೆಯೂ ಅವರನ್ನು ಆಮೇಲಿನ ಕತ್ತಲಿನಿಂದ ಪಾರುಮಾಡಲಿಲ್ಲ. ಮರುದಿನ ಬೆಳಿಗ್ಗೆ ಎದ್ದು ತೊಳೆಯಬೇಕಾದ ಗಾಯಗಳಿದ್ದವು, ಅವರು ತೊಳೆದರು.

ನನಗೆ ಬರುವ ಅತಿ ಗಟ್ಟಿಯಾದ ಆಕ್ಷೇಪ ಸಭಾಪಾಲಕರಿಂದಲೇ ಬರುತ್ತದೆ. ಗಂಡನನ್ನು ಕಳೆದುಕೊಂಡವಳಿಗೆ, ಸಾಲಕ್ಕೆ ಹೊಲ ಬರೆದುಕೊಟ್ಟವನಿಗೆ ಪೂರ್ವಾಪರ ಬಿಡಿಸಿ ವ್ಯಾಖ್ಯಾನ ಮಾಡುತ್ತಾ ಕೂರಲಾಗುತ್ತದೆಯೇ? ಆ ಹೊತ್ತಿಗೆ ಹಿಡಿದುಕೊಳ್ಳಲು ಒಂದು ವಚನ ಬೇಕು. ನಿಜ, ನಾನು ಈ ಮಾತಿಗೆ ತಲೆಬಾಗುತ್ತೇನೆ. ಕಾರ್ಡನ್ನು ದಿಂಬಿನ ಕೆಳಗಿಟ್ಟುಕೊಂಡು ಒಂದೊಂದೇ ದಿನ ನೂಕಿ ಬದುಕಿದ ಹೆಂಗಸರಿದ್ದಾರೆ, ಅವರ ವಿಶ್ವಾಸವನ್ನು ಅಳೆಯುವ ಯೋಗ್ಯತೆ ನನಗಿಲ್ಲ. ನನ್ನ ಪ್ರಶ್ನೆ ಅಂಥ ಒಬ್ಬಳು ಎರಡು ವರ್ಷದ ಮೇಲೆ ಏನು ಮಾಡಬೇಕು ಎಂಬುದು. ವರ್ಷ ಕಳೆದು ಇನ್ನೊಂದು ಕಾರ್ಡು ಬಂದು, ಬದುಕು ಹಾಗೆಯೇ ಇದ್ದರೆ ಅವಳ ಕೈಗೆ ಸಭೆ ಏನು ಕೊಡುತ್ತದೆ? 150 ಕೀರ್ತನೆಗಳಲ್ಲಿ ಸುಮಾರು ಮೂರನೆಯ ಒಂದು ಪಾಲು ಗೋಳು, ದೂರು, ಎಷ್ಟು ಕಾಲ ಎಂಬ ಕೇಳಿಕೆ. ಹೆಚ್ಚಿನವು ಕೊನೆಗೆ ಸ್ತುತಿಗೆ ತಿರುಗುತ್ತವೆ. 88ನೆಯದು ತಿರುಗುವುದಿಲ್ಲ, ಕತ್ತಲಿನಲ್ಲೇ ಮುಗಿಯುತ್ತದೆ. ಅದನ್ನು ಯಾರೂ ಸತ್ಯವೇದದಿಂದ ಕಿತ್ತುಹಾಕಲಿಲ್ಲ. ಯೇಸು ಶಿಲುಬೆಯ ಮೇಲೆ ತೆಗೆದುಕೊಂಡ ಮಾತು ಕುರುಬನ ಕೀರ್ತನೆಯದಲ್ಲ, ಅದರ ಹಿಂದಿನ 22ನೆಯದರ ಮೊದಲ ಕೂಗು. ಆ ಎರಡು ವರ್ಷದ ನಂತರದ ಹೆಂಗಸಿಗೆ ಕೊಡಲು ಸತ್ಯವೇದದಲ್ಲಿ ಇಷ್ಟೆಲ್ಲ ಇರುವಾಗ, ನಾವು ಕೊಡುವುದು ಮತ್ತೊಂದು ಕಾರ್ಡು.

ಕೋಲಾರದ ಸಭೆಗೆ ಇದನ್ನು ಹೊರಗಿನಿಂದ ಕಲಿಸಬೇಕಾಗಿಯೂ ಇಲ್ಲ. ಅದರ ಚರಿತ್ರೆಯ ಒಂದು ದೊಡ್ಡ ಬೇರು ಇಳಿದಿರುವುದು ಬರದ ನೆಲಕ್ಕೆ. ಧಾತು-ಈಶ್ವರ ಸಂವತ್ಸರಗಳ ಬರ, ಅಂದರೆ 1876ರಿಂದ 78ರವರೆಗಿನ ಮಹಾಕ್ಷಾಮ, ಮೈಸೂರು ಸಂಸ್ಥಾನವನ್ನು ಹೇಗೆ ಹಿಂಡಿತೆಂಬುದಕ್ಕೆ ಜನಗಣತಿಯೇ ಸಾಕ್ಷಿ: 1871ರಲ್ಲಿ 50 ಲಕ್ಷ ದಾಟಿದ್ದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಕೋಲಾರ ಅತಿ ಹೆಚ್ಚು ನರಳಿದ ಜಿಲ್ಲೆಗಳಲ್ಲೊಂದು. ಆ ಹೊತ್ತಿನಲ್ಲಿ, ಹಿಂದೆ ಬೆಂಗಳೂರಿನಲ್ಲಿ ಲಂಡನ್ ಮಿಷನ್ನಿನ ಜೊತೆಗಿದ್ದ ಮಿಸ್ ಆನ್‌ಸ್ಟಿ ಎಂಬ ಇಂಗ್ಲಿಷ್ ಹೆಂಗಸು ಕೋಲಾರದಲ್ಲಿ ಬರದ ಅನಾಥ ಮಕ್ಕಳಿಗೆ ಆಶ್ರಯ ತೆರೆದರು. 1890ರಲ್ಲಿ ಆ ಕೆಲಸವೆಲ್ಲ ಅಮೆರಿಕದ ಮೆಥೊಡಿಸ್ಟ್ ಎಪಿಸ್ಕೋಪಲ್ ಮಿಷನ್ನಿಗೆ ಹಸ್ತಾಂತರವಾಯಿತು. 1910ರಲ್ಲಿ ಅದೇ ಮಿಷನ್ನಿನ ಎಲೆನ್ ಥೋಬರ್ನ್ ಕೋವೆನ್ ಸ್ಮಾರಕ ಆಸ್ಪತ್ರೆ, ಅಂದರೆ ಜಿಲ್ಲೆಯ ಜನರ ಬಾಯಲ್ಲಿರುವ ಇಟಿಸಿಎಂ ಆಸ್ಪತ್ರೆ, ಶುರುವಾಯಿತು.

ಈ ಚರಿತ್ರೆಯನ್ನು ಎರಡು ಬಗೆಯಲ್ಲಿ ಹೇಳುತ್ತಾರೆ, ಎರಡೂ ನನಗೆ ಸಾಲದು. ಸಭೆಯೊಳಗಿನ ಕಥನ ಹೇಳುವುದು: ದೇವರು ತನ್ನ ದಾಸಿಯನ್ನು ಕರೆದ, ಆಕೆ ನಂಬಿ ಬಂದಳು, ಅವನು ಒದಗಿಸಿದ. ಹೊರಗಿನ ಕಥನ ಹೇಳುವುದು: ಹಸಿವನ್ನು ಬಳಸಿಕೊಂಡು ಮತಾಂತರ ಮಾಡಿದರು. ಎರಡನೆಯದರಲ್ಲಿ ಕೇಳಬೇಕಾದ ಒಂದು ಪ್ರಶ್ನೆಯಿದೆ. ಹೊಟ್ಟೆಗಿಲ್ಲದ ಮಗುವಿಗೆ ಅನ್ನದ ಜೊತೆ ಹೊಸ ದೇವರನ್ನೂ ಕೊಟ್ಟಾಗ ಆ ಮಗುವಿಗೆ ಆಯ್ಕೆ ಎಲ್ಲಿತ್ತು? ಅದನ್ನು ನಮ್ಮ ಸಭೆಗಳು ಕೋಪಿಸಿಕೊಳ್ಳದೆ ಎದುರಿಸಬೇಕು. ಆದರೆ ಸಾಯುತ್ತಿದ್ದ ಮಕ್ಕಳನ್ನು ಎತ್ತಿಕೊಂಡವರು ಕೆಲವರೇ ಎಂಬುದನ್ನು ಆ ಕಥನ ಮರೆಯುತ್ತದೆ. ಮೊದಲ ಕಥನದ ತಪ್ಪು ಬೇರೆ ಥರದ್ದು, ನನಗೆ ಹೆಚ್ಚು ನೋವು ಕೊಡುವುದೂ ಅದೇ. ಅದು ನಡೆಸುವಿಕೆಯನ್ನು ಮಿಷನರಿಯ ಅಂತರಂಗದಲ್ಲಿ ಮಾತ್ರ ಹುಡುಕುತ್ತದೆ. ಕೋಲಾರದ ರಸ್ತೆಗಳಲ್ಲಿ ಮಕ್ಕಳು ಬಿದ್ದಿದ್ದ 1877ರಲ್ಲಿ ಏನು ಮಾಡಬೇಕೆಂದು ತಿಳಿಯಲು ಯಾವ ಉಣ್ಣೆಯನ್ನೂ ಹಾಸಬೇಕಾಗಿರಲಿಲ್ಲ. ಹಸಿದ ಮಗುವೇ ಅಪ್ಪಣೆ. ಮತ್ತಾಯನ 25ನೆಯ ಅಧ್ಯಾಯದಲ್ಲಿ ಹಸಿದವರಿಗೆ ಉಣಿಸಿದವರು, ನಾವು ನಿನ್ನನ್ನು ಯಾವಾಗ ಕಂಡೆವು ಎಂದು ಕರ್ತನನ್ನೇ ಕೇಳುತ್ತಾರೆ. ತಮ್ಮನ್ನು ಯಾರೋ ನಡೆಸಿದರೆಂಬ ಅರಿವೂ ಅವರಿಗಿರಲಿಲ್ಲ. ಇನ್ನು ಬದುಕುಳಿದ ಆ ಅನಾಥರು, ತಂದೆತಾಯಿಯನ್ನು ನುಂಗಿದ ಬರದ ನೆನಪಿನೊಂದಿಗೆ ದೇವರು ಒಳ್ಳೆಯವನು ಎಂದು ಹಾಡಲು ಕಲಿತವರು, ಅವರೊಳಗೆ ಎಂಥ ಸಂದೇಹಗಳಿದ್ದವು? ನಮ್ಮ ಸಭೆಯ ಮೂಲಪುರುಷರೂ ಮೂಲಸ್ತ್ರೀಯರೂ ಅವರೇ. ವಾರ್ಷಿಕೋತ್ಸವದ ಭಾಷಣಗಳಲ್ಲಿ ಮಿಷನರಿಗಳ ಹೆಸರು ಬರುವಷ್ಟು ಸಲ ಆ ಮಕ್ಕಳ ಪ್ರಶ್ನೆ ಬರುವುದಿಲ್ಲ.

ಕನ್ನಡ ನಾಡಿನ ಇನ್ನೊಂದು ಉದಾಹರಣೆ ನಡೆಸುವಿಕೆಯ ಬಗ್ಗೆ ನಮ್ಮ ಸರಳ ಕಲ್ಪನೆಯನ್ನು ಮತ್ತಷ್ಟು ಕದಡುತ್ತದೆ. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರವನ್ನು ಹೊರಡಿಸಿದ ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್, ಸುಮಾರು ಹತ್ತು ವರ್ಷದ ನಂತರ ಯುರೋಪಿಗೆ ಮರಳಲು ಸಿದ್ಧನಾಗಿದ್ದಾಗ ಆಲ್ಮಂಡ ಸೋಮಯ್ಯ ಎಂಬ ಕೊಡಗಿನ ಸನ್ಯಾಸಿ ಅವನನ್ನು ಹುಡುಕಿಕೊಂಡು ಬಂದ. ಮೊಗ್ಲಿಂಗ್ ಅದನ್ನು ಕೊಡಗಿಗೆ ದೇವರ ಕರೆಯೆಂದು ತಿಳಿದು, ಪ್ರಯಾಣ ಕೈಬಿಟ್ಟು, 1853ರಲ್ಲಿ ಅಲ್ಲಿ ಮಿಷನ್ ಶುರು ಮಾಡಿದ. ಕೊಡವರ ನಡುವೆ ದೊಡ್ಡ ಸಭೆ ಎದ್ದೀತೆಂಬ ನಿರೀಕ್ಷೆ ನೆರವೇರಲಿಲ್ಲ. ಬಂದವರು ಜೀತದ ಹೊಲೆಯರು. ಅವರಿಗಾಗಿ ಸಿದ್ದಾಪುರದ ಕಡೆ ಆನಂದಪುರವೆಂಬ ನೆಲೆ ಎದ್ದಿತು. 1860ರಲ್ಲಿ ಮೊಗ್ಲಿಂಗ್ ಜರ್ಮನಿಗೆ ಮರಳಿದ. ಕರೆಯನ್ನು ತಪ್ಪಾಗಿ ಓದಿದನೆ? ಅವನ ನಿರೀಕ್ಷೆಯ ಲೆಕ್ಕದಲ್ಲಿ ಹೌದು. ಜೀತದಿಂದ ಎದ್ದು ಬಂದವರ ಲೆಕ್ಕದಲ್ಲಿ? ನಡೆಸುವಿಕೆ ನಡೆಸಲ್ಪಟ್ಟವನ ಉದ್ದೇಶವನ್ನು ಈಡೇರಿಸಲೇಬೇಕು ಎಂಬ ನಮ್ಮ ಊಹೆ ಇಲ್ಲಿ ಬಿರುಕು ಬಿಡುತ್ತದೆ.

ಹಾಗಾದರೆ ದೇವರ ನಡೆಸುವಿಕೆಯನ್ನು ಮನುಷ್ಯರ ತರ್ಕಕ್ಕೂ ಸಮಾಜಸೇವೆಗೂ ಇಳಿಸಿಬಿಟ್ಟೆಯಲ್ಲ, ಪವಿತ್ರಾತ್ಮನಿಗೆ ಏನು ಉಳಿಯಿತು ಎಂದು ಪೆಂಟೆಕೋಸ್ಟಲ್ ಸಹೋದರರು ಕೇಳುವುದು ನ್ಯಾಯ. ಅವರ ಉಪವಾಸ ಪ್ರಾರ್ಥನೆಗಳ ಶ್ರದ್ಧೆ ನಮ್ಮ ಹಳೆಯ ಮಿಷನ್ ಸಭೆಗಳಲ್ಲಿ ಉಳಿದಿಲ್ಲ, ಅದನ್ನು ಒಪ್ಪಿಕೊಂಡೇ ಉತ್ತರಿಸುತ್ತೇನೆ. ಅಪೊಸ್ತಲರ ಕೃತ್ಯಗಳಿಗಿಂತ ಹೆಚ್ಚು ಆತ್ಮನ ಹೆಸರು ಬರುವ ಕಥನ ಹೊಸ ಒಡಂಬಡಿಕೆಯಲ್ಲಿಲ್ಲ. ಅದರ 15ನೆಯ ಅಧ್ಯಾಯದಲ್ಲಿ ಅನ್ಯಜನಾಂಗದವರನ್ನು ಹೇಗೆ ಸೇರಿಸಿಕೊಳ್ಳಬೇಕೆಂಬ ಪ್ರಶ್ನೆ ಬಂದಾಗ ಯೆರೂಸಲೇಮಿನಲ್ಲಿ ಬಹಳ ವಾದ ನಡೆಯುತ್ತದೆ. ಪೇತ್ರ ಮಾತಾಡುತ್ತಾನೆ, ಬಾರ್ನಬನೂ ಪೌಲನೂ ವರದಿ ಒಪ್ಪಿಸುತ್ತಾರೆ, ಯಾಕೋಬ ತೀರ್ಮಾನ ಹೇಳುತ್ತಾನೆ. ಆಮೇಲೆ ಬರೆದ ಪತ್ರದಲ್ಲಿ ಆ ತೀರ್ಮಾನವನ್ನು ಪವಿತ್ರಾತ್ಮನದೂ ತಮ್ಮದೂ ಎಂದು ಒಟ್ಟಿಗೆ ಹೇಳುತ್ತಾರೆ. ಅದೇ ಅಧ್ಯಾಯ ಮುಗಿಯುವುದರೊಳಗೆ ಪೌಲನಿಗೂ ಬಾರ್ನಬನಿಗೂ ಮಾರ್ಕನ ವಿಷಯದಲ್ಲಿ ಜಗಳವಾಗಿ ಇಬ್ಬರೂ ಬೇರೆ ಬೇರೆ ದಾರಿ ಹಿಡಿಯುತ್ತಾರೆ. ಯಾರಿಗೆ ನಡೆಸುವಿಕೆಯಿತ್ತು ಎಂದು ಲೂಕ ತೀರ್ಪು ಕೊಡುವುದಿಲ್ಲ. 16ನೆಯ ಅಧ್ಯಾಯದಲ್ಲಿ ಆತ್ಮನು ಒಂದು ದಾರಿಯನ್ನು ತಡೆಯುತ್ತಾನೆ, ಇನ್ನೊಂದನ್ನೂ ತಡೆಯುತ್ತಾನೆ. ತ್ರೋವದಲ್ಲಿ ರಾತ್ರಿ ಮಕೆದೋನ್ಯದ ಒಬ್ಬ ಗಂಡಸು ಬಾ ಎಂದು ಬೇಡುವ ದರ್ಶನವಾಗುತ್ತದೆ. ದರ್ಶನ ಕಂಡವನು ಪೌಲ, ಅದರ ಅರ್ಥ ನಿರ್ಣಯಿಸಿದ್ದು ಜೊತೆಗಾರರೆಲ್ಲ ಸೇರಿ. ಫಿಲಿಪ್ಪಿಗೆ ಹೋದರೆ ಅಲ್ಲಿ ಎದುರಾದದ್ದು ನದೀತೀರದಲ್ಲಿ ಪ್ರಾರ್ಥನೆಗೆ ಸೇರಿದ್ದ ಹೆಂಗಸರು, ಸ್ವಲ್ಪ ದಿನದಲ್ಲೇ ಛಡಿಯೇಟು ಮತ್ತು ಸೆರೆಮನೆ. ನಮ್ಮ ಸಾಕ್ಷಿಕೂಟದ ಅಳತೆಯಲ್ಲಿ ಈ ಪ್ರಯಾಣ ದಾರಿ ತಪ್ಪಿದ್ದೆಂದೇ ಲೆಕ್ಕ.

ಹೀಗಾಗಿ ಆತ್ಮನ ಕೆಲಸವನ್ನು ನಾನು ಕಡಿಮೆ ಮಾಡುತ್ತಿಲ್ಲ. ಒಬ್ಬಂಟಿ ವಿಶ್ವಾಸಿಯ ಕಿವಿಯೊಳಗಿನ ಪಿಸುಮಾತಿಗೆ ಅದನ್ನು ಕಟ್ಟಿಹಾಕಬೇಡಿ ಎನ್ನುತ್ತಿದ್ದೇನೆ. ವಾದದಲ್ಲಿ, ಜೊತೆಗಾರರ ನಿರ್ಣಯದಲ್ಲಿ, ಮುಚ್ಚಿದ ಬಾಗಿಲಿನಲ್ಲಿ, ಹಸಿದವನ ಮುಖದಲ್ಲಿ, ಉತ್ತರವಿಲ್ಲದ ದೂರಿನಲ್ಲೂ ಆತ ಕೆಲಸ ಮಾಡುತ್ತಾನೆ. ಗೆತ್ಸೇಮನೆಯಲ್ಲಿ ಕರ್ತನು ಒಂದೇ ಕೋರಿಕೆಯನ್ನು ಮೂರು ಸಲ ಇಟ್ಟ, ಬಟ್ಟಲು ಸರಿಯಲಿಲ್ಲ. ತನ್ನ ಪಕ್ಕದಲ್ಲಿ ಎಚ್ಚರವಾಗಿರಿ ಎಂದು ಗೆಳೆಯರನ್ನು ಕೇಳಿಕೊಂಡ, ಅವರು ನಿದ್ದೆ ಹೋದರು. ನಂಬಿಕೆಯೆಂದರೆ ಗೊಂದಲವಿಲ್ಲದ ಮನಸ್ಸು ಎನ್ನುವವರು ಆ ರಾತ್ರಿಯ ಬೆವರನ್ನು ಏನೆಂದು ವಿವರಿಸುತ್ತಾರೋ ನನಗೆ ತಿಳಿಯದು.

ನಮ್ಮ ಸಭೆಗಳಿಂದ ನಾನು ಕೇಳುವುದು ಬಹಳವಿಲ್ಲ. ವಾಗ್ದಾನದ ಕಾರ್ಡು ಇರಲಿ. 11ನೆಯ ವಚನದ ಜೊತೆ 10ನೆಯದೂ ಅಚ್ಚಾಗಲಿ, ಎಪ್ಪತ್ತು ವರ್ಷ ಎಂಬ ಮಾತು ಕಾರ್ಡಿನ ಮೇಲೆಯೇ ಕಾಣಲಿ. ಡಿಸೆಂಬರ್ 31ರ ರಾತ್ರಿ, ಸ್ತೋತ್ರಕ್ಕೆ ಮುಂಚೆ, 88ನೆಯ ಕೀರ್ತನೆಯನ್ನು ಪೂರ್ತಿ ಓದಿ, ಸಮಾಧಾನದ ಮಾತು ಸೇರಿಸದೆ ನಿಲ್ಲಿಸಲಿ. ಸಾಕ್ಷಿಯ ಹೊತ್ತಿನಲ್ಲಿ ಉತ್ತರ ಸಿಕ್ಕವರ ಜೊತೆ ಸಿಗದವರನ್ನೂ ಹೆಸರು ಹಿಡಿದು ಮುಂದಕ್ಕೆ ಕರೆಯಲಿ. ಅವರು, ನಾನು ಕೇಳಿದೆ, ಏನೂ ಆಗಲಿಲ್ಲ, ಆದರೂ ಬಂದಿದ್ದೇನೆ ಎಂದಷ್ಟೇ ಹೇಳಿ ಕೂತರೆ, ಮೈಕು ಹಿಡಿದವರು ಆ ಮಾತನ್ನು ತಿದ್ದಲು ಹೋಗದಿರಲಿ. ಇದರಿಂದ ಹೊಸ ವಿಶ್ವಾಸಿಗಳ ನಂಬಿಕೆ ಅಲುಗೀತೆಂಬ ಭಯ ಹಿರಿಯರಿಗಿದೆ. ಕಾರ್ಡಿನ ಮಾತು ನೆರವೇರಲಿಲ್ಲವೆಂದು ಮಾತಿಲ್ಲದೆ ಎದ್ದು ಹೋದವರ ಮನೆಗಳು ಅದೇ ಹಿರಿಯರಿಗೆ ಗೊತ್ತಿವೆ. ಮೊದಲು ಆ ಮನೆಗಳಿಗೆ ಹೋಗಿ ಕೇಳಿ ಬರಲಿ, ಆಮೇಲೆ ಈ ಚರ್ಚೆ ಮುಂದುವರಿಸೋಣ.